ಕರೆಯುವ ಹೆಸರಿನ ಪ್ರಶ್ನೆ
(ಉಡಿಗಾಲದಲ್ಲಿ ಮಾಡಿದ ಭಾಷಣ)



ಕೂಲಿಯವನನ್ನು ‘ಲೋ’ ಎಂದು ಕರೆಯುವ ಧಣಿಗಳ ವಿರುದ್ಧ ನಾವು ಹೋರಾಡುತ್ತ ಬಂದವರು. ಆದರೆ ಸಂತೆಯಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವಾಕೆ ಕಂಡರೆ ‘ಚಕ್ಕಾ’ ಎಂಬ ಕೂಗು ಏಳುತ್ತದೆ. ಕೂಗುವವರೂ ಕೂಲಿಯವರೇ!

ಬರೀ ಮಾತು ತಾನೆ ಎನ್ನಬೇಡಿ. 2011ರಲ್ಲಿ ಕರ್ನಾಟಕ ಪೋಲೀಸ್ ಕಾಯಿದೆಗೆ 36ಎ ಎಂಬ ಕಲಮು ಸೇರಿತು. ಇವರನ್ನು ಇಂಗ್ಲಿಷಿನಲ್ಲಿ ‘ಯೂನಕ್’, ಅಂದರೆ ನಪುಂಸಕ, ಎಂದು ಕರೆದು, ಗುಮಾನಿಯಿರುವವರ ಹೆಸರು ವಿಳಾಸಗಳ ದಫ್ತರ ಇಡಿಸಲು ಪೋಲೀಸ್ ಕಮೀಷನರಿಗೆ ಅಧಿಕಾರ ಕೊಟ್ಟಿತು. ಬೈಗುಳ ಕಾಯಿದೆಯಾದ ಬಗೆ ಇದು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಪದ ಹೋಗಿ ‘ವ್ಯಕ್ತಿಗಳು’ ಎಂದಾಯಿತು.

ಇನ್ನೊಂದು ಗೊಂದಲವಿದೆ. ತಾನು ಹೆಣ್ಣೋ, ಗಂಡೋ, ಎರಡೂ ಅಲ್ಲವೋ ಎಂಬ ಒಳಗಿನ ಅರಿವು ಒಂದು. ಯಾರ ಮೇಲೆ ಮನಸ್ಸಾಗುತ್ತದೆ ಎಂಬುದು ಬೇರೊಂದು. ಗಂಡಸನ್ನು ಪ್ರೀತಿಸುವ ಗಂಡಸು ಗಂಡಸೇ. ಆ ಅರಿವನ್ನು ಅವರವರೇ ಹೇಳಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ವಯಸ್ಕರ ಒಪ್ಪಿತ ಪ್ರೀತಿ ಅಪರಾಧವಲ್ಲವೆಂದು 2018ರಲ್ಲಿ ಹೇಳಿತು.

ಸರ್ಕಾರ ‘ಲಿಂಗತ್ವ ಅಲ್ಪಸಂಖ್ಯಾತರು’ ಎನ್ನುತ್ತದೆ. ನಾಲಿಗೆಗೆ ಭಾರವಾದರೂ ಅವಮಾನವಿಲ್ಲ. ಪತ್ರಿಕೆಗಳು ‘ಮಂಗಳಮುಖಿ’ ಎನ್ನುತ್ತವೆ. ಎಲ್ಲಮ್ಮನ ಸೀಮೆಯಲ್ಲಿ ‘ಜೋಗತಿ’ ಎಂಬುದುಂಟು. ಮಂಜಮ್ಮ ಜೋಗತಿ ಆ ಹೆಸರಿನಲ್ಲೇ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಯಾವುದು ಸರಿ? ಎದುರಿಗಿರುವವರನ್ನೇ ಕೇಳಿ.

ಸರ್ಕಾರಿ ನೌಕರಿಯಲ್ಲಿ ಇವರಿಗೆ 2021ರಿಂದ ಶೇಕಡ 1 ಮೀಸಲಾತಿ ಬಂದಿದೆ. ಅರ್ಜಿ ಬರೆಸಲು ನಮ್ಮ ಕಾರ್ಯಕರ್ತರ ಬಳಿ ಬಂದರೆ, ‘ಕೂತ್ಕೊಳ್ಳಿ ಅಕ್ಕ’ ಎಂದು ಮಣೆ ಕೊಟ್ಟು, ಆಕೆ ಹೇಳಿದ ಹೆಸರನ್ನೇ ಬರೆಯಿರಿ.