ಗುಜರಿಗೆ ಹಾಕುವ ಮುನ್ನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಲ್ಯಾಬಿನಲ್ಲಿ ಬಟ್ಟೆ ಹೊದ್ದು ಕೂತಿರುವ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮಾತು ಬಂದಿದೆ. ಸ್ವಲ್ಪ ತಡೆಯಿರಿ ಎನ್ನಲು ನಿಂತಿದ್ದೇನೆ.

ಯುನಿಕ್ಸ್ ವಂಶದಲ್ಲಿ ದುಡ್ಡು ಕೇಳದ, ಒಳಗಿನ ಕೋಡನ್ನೂ ಮುಚ್ಚಿಡದ ತಂತ್ರಾಂಶಗಳಿವೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಬರೀ ಕರ್ನೆಲ್, ಅಂದರೆ ಗಾಡಿಯ ಎಂಜಿನ್ ಮಾತ್ರ. ಉಳಿದದ್ದನ್ನು ಜೋಡಿಸಿ ಕೊಡುವುದು ಡೆಬಿಯನ್‌ನಂಥ ಬಳಗಗಳು. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಿಂದ ಬಂದ ಫ್ರೀಬಿಎಸ್‌ಡಿಯಲ್ಲಿ ಎಂಜಿನ್, ಚಾಸಿ ಎರಡೂ ಒಂದೇ ಕುಲುಮೆಯವು. ಸರ್ವರ್‌ಗಾದರೆ ನನ್ನ ಮನಸ್ಸು ಅದರ ಕಡೆಗೇ. ನೆಟ್‌ಫ್ಲಿಕ್ಸ್‌ನ ಸಿನಿಮಾ ಹಂಚುವ ಸರ್ವರ್‌ಗಳು ಓಡುವುದೂ ಅದರ ಮೇಲೆ. ಓಪನ್‌ಬಿಎಸ್‌ಡಿ ಭದ್ರತೆಯಲ್ಲಿ ಮಹಾ ಮಡಿವಂತ, ಬ್ಲೂಟೂತನ್ನೇ ಹೊರಗಿಟ್ಟಿದೆ!

ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಅಂದರೆ ಲೆಕ್ಕ ಬೇರೆ. ಹೊಸ ವೈಫೈ ಚಿಪ್‌ಗಳ ಡ್ರೈವರ್ ಸಾಮಾನ್ಯವಾಗಿ ಲಿನಕ್ಸ್‌ಗೇ ಮೊದಲು ಸಿಗುತ್ತದೆ. ಚಿಪ್ ಯಾವುದೆಂದು ನೋಡದೆ ನನ್ನ ಲ್ಯಾಪ್‌ಟಾಪಿಗೆ ಹಠದಿಂದ ಫ್ರೀಬಿಎಸ್‌ಡಿ ಹಾಕಿ, ಎರಡು ವಾರ ಮೊಬೈಲಿನ ಕೇಬಲ್ ಸಿಕ್ಕಿಸಿಕೊಂಡು ಓಡಾಡಿದವನು ನಾನು. ತಪ್ಪು ನನ್ನದೇ.

ಅದಕ್ಕೇ ಇಲ್ಲಿಗೆ ಡೆಬಿಯನ್, ಹಗುರವಾದ ಎಕ್ಸ್‌ಎಫ್‌ಸಿಇ ಪರದೆಯೊಂದಿಗೆ. 2 ಜಿಬಿ ಮೆಮೊರಿಯಲ್ಲೂ ಕನ್ನಡ ಬರೆಯಬಹುದು, ಪೈಥಾನ್ ಕಲಿಯಬಹುದು. ನಿನ್ನೆ ಒಂದಕ್ಕೆ ಹಾಕಿದೆ, ಎದ್ದು ಕೂತಿತು. ಉಳಿದವಕ್ಕೆ ಹತ್ತನೆಯ ತರಗತಿಯ ಮಕ್ಕಳೇ ಹಾಕಲಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಪೆನ್‌ಡ್ರೈವ್ ಹಿಡಿದು ಲ್ಯಾಬಿನ ಬಾಗಿಲಲ್ಲಿರುತ್ತೇನೆ.