ಮೋಟಾರು ವಾಹನದ ಚರಿತ್ರೆ: ಒಂದು ಮಗುವಿನ ಪ್ರಶ್ನೆಯಿಂದ

(ಕನ್ನಡ ಮಾಧ್ಯಮ ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಮೋಟಾರು ವಾಹನದ ಚರಿತ್ರೆ ಮತ್ತು ತಾಂತ್ರಿಕ ಬೆಳವಣಿಗೆಯನ್ನು ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ವಿಷಯವನ್ನು ಪ್ರವೇಶಿಸುವ ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ತಾಳವಾಡಿ ಸೀಮೆಯ ಶಾಲೆಯೊಂದರಲ್ಲಿ ಹಲವು ವರ್ಷಗಳ ಹಿಂದೆ ಏಳನೆಯ ತರಗತಿಗೆ ಈ ಪಾಠ ಮಾಡುತ್ತಿದ್ದೆ. ಕರಿಹಲಗೆಯ ಮೇಲೆ 'ಕಾರು, ಕಾರ್ಲ್ ಬೆಂಜ್, 1886' ಎಂದು ಬರೆದು ಮಕ್ಕಳಿಂದ ಮೂರು ಸಲ ಹೇಳಿಸಿದೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗಿತ್ತು. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಮೊದಲು ಕಾರು ಬಂತೋ, ಪೆಟ್ರೋಲ್ ಬಂಕ್ ಬಂತೋ?" ಎಂದು ಕೇಳಿದ. ಮಕ್ಕಳು ನಕ್ಕರು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ಪಾಠದಲ್ಲಿ ಇರುವುದನ್ನು ಕೇಳು" ಎಂದು ಗದರಿ ಕೂರಿಸಿದೆ. ಆ ವರ್ಷವಿಡೀ ಆ ಹುಡುಗ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಹದಿನಾಲ್ಕೇ ಮಕ್ಕಳಿದ್ದ ತರಗತಿಯಲ್ಲಿ ಒಂದು ಮಗು ಮೌನವಾಗುವುದು ಸಣ್ಣ ನಷ್ಟವಲ್ಲ. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವೇ ನನ್ನ ಇಂದಿನ ಉಪನ್ಯಾಸ.

ಮೊದಲಿಗೆ, ಬೆಂಜ್ ಶೂನ್ಯದಿಂದ ಆರಂಭಿಸಿದವನಲ್ಲ. 1769ರಲ್ಲಿಯೇ ಫ್ರಾನ್ಸಿನ ನಿಕೊಲಾ ಜೋಸೆಫ್ ಕ್ಯೂನ್ಯೊ ಎಂಬ ಸೇನಾ ಎಂಜಿನಿಯರು ಫಿರಂಗಿಗಳನ್ನು ಎಳೆಯಲೆಂದು ಉಗಿಬಂಡಿಯೊಂದನ್ನು ನಿರ್ಮಿಸಿದ್ದ. ಅದು ಮನುಷ್ಯನ ನಡಿಗೆಯ ವೇಗದಲ್ಲಿ ಸಾಗುತ್ತಿತ್ತು; ಸ್ವಲ್ಪ ದೂರ ಹೋದೊಡನೆ ನಿಂತು, ಉಗಿ ಮತ್ತೆ ಕೂಡಿಕೊಳ್ಳುವವರೆಗೆ ಕಾಯಬೇಕಾಗಿತ್ತು. ಉಗಿಯಂತ್ರದಲ್ಲಿ ಬೆಂಕಿ ಒಂದು ಕಡೆ, ಕೆಲಸ ಮತ್ತೊಂದು ಕಡೆ. ಬೆಂಕಿಯನ್ನು ಸಿಲಿಂಡರಿನ ಒಳಗೇ ಹೊತ್ತಿಸುವ ಅಂತರ್ದಹನ ಎಂಜಿನ್ನು ಬಂದ ಮೇಲೆ ಯಂತ್ರ ಹಗುರವಾಯಿತು. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ.

ಈ ನಾಲ್ಕು ಹೊಡೆತಗಳನ್ನು ಮಕ್ಕಳಿಗೆ ಹೇಳುವಾಗ ನಾನು ನಾಲ್ಕು ಕನ್ನಡ ಕ್ರಿಯಾಪದಗಳನ್ನು ಬಳಸುತ್ತೇನೆ: ಹೀರು, ಒತ್ತು, ಸಿಡಿ, ಹೊರದೂಡು. ಪಿಸ್ಟನ್ನು ಕೆಳಗಿಳಿಯುತ್ತ ಇಂಧನ ಬೆರೆತ ಗಾಳಿಯನ್ನು ಹೀರುತ್ತದೆ. ಮೇಲೇರುತ್ತ ಅದನ್ನು ಒತ್ತುತ್ತದೆ. ಕಿಡಿ ತಾಗಿ ಅನಿಲ ಸಿಡಿದಾಗ ಕೆಳಕ್ಕೆ ನೂಕಲ್ಪಡುತ್ತದೆ. ಮತ್ತೆ ಮೇಲೇರುತ್ತ ಹೊಗೆಯನ್ನು ಹೊರದೂಡುತ್ತದೆ. ನಾಲ್ಕರಲ್ಲಿ ಶಕ್ತಿ ಕೊಡುವುದು ಒಂದೇ ಹೊಡೆತ. ಉಳಿದ ಮೂರನ್ನು ನಡೆಸುವುದು ಭಾರವಾದ ಗತಿಚಕ್ರ. ಕೋಲು ತೆಗೆದ ಮೇಲೂ ಕುಂಬಾರನ ತಿಗರಿ ತಿರುಗುತ್ತಲೇ ಇರುವುದನ್ನು ಕಂಡ ಮಗುವಿಗೆ ಗತಿಚಕ್ರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

1886ರ ಜನವರಿ 29ರಂದು ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ವಾಹನಕ್ಕೆ ಪೇಟೆಂಟು ಕೋರಿ ಅರ್ಜಿ ಸಲ್ಲಿಸಿದ. ಒಂದೇ ಸಿಲಿಂಡರು, ಒಂದು ಅಶ್ವಶಕ್ತಿಗಿಂತಲೂ ಕಡಿಮೆ ಬಲ, ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ. ಅದೇ ವರ್ಷ ಜರ್ಮನಿಯ ಇನ್ನೊಂದು ಊರಿನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಖ್ ನಾಲ್ಕು ಚಕ್ರದ ಗಾಡಿಗೆ ತಮ್ಮ ಎಂಜಿನ್ನನ್ನು ಜೋಡಿಸಿದರು. ಆದುದರಿಂದ 'ಯಾರು ಕಂಡುಹಿಡಿದರು' ಎಂಬುದಕ್ಕೆ ಒಂದೇ ಹೆಸರು ಪೂರ್ಣ ಉತ್ತರವಾಗದು.

ಇನ್ನು ಆ ಹುಡುಗನ ಪ್ರಶ್ನೆ. ಪೇಟೆಂಟು ದೊರೆತರೂ ಬೆಂಜನ ವಾಹನವನ್ನು ಕೊಳ್ಳುವವರು ವಿರಳವಾಗಿದ್ದರು. ಅದು ದೂರ ಪ್ರಯಾಣಕ್ಕೆ ಒದಗೀತೆಂಬ ನಂಬಿಕೆ ಜನರಿಗಿರಲಿಲ್ಲ. 1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಅವನ ಹೆಂಡತಿ ಬೆರ್ಥಾ ಬೆಂಜ್, ಗಂಡನಿಗೆ ತಿಳಿಸದೆ, ಹದಿಹರೆಯದ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ತನ್ನ ತವರೂರಾದ ಫೋರ್ಟ್ಸ್‌ಹೈಮಿಗೆ ಆ ವಾಹನದಲ್ಲಿ ಹೊರಟಳು. ದೂರ ಸುಮಾರು 105 ಕಿಲೋಮೀಟರ್. ದಾರಿಯಲ್ಲಿ ಇಂಧನ ಮುಗಿಯಿತು. ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಲಿಗ್ರೋಯಿನ್ ಎಂಬ ಹಗುರ ಪೆಟ್ರೋಲಿಯಂ ದ್ರವ ದೊರೆಯುತ್ತಿತ್ತು. ಬಟ್ಟೆಯ ಕಲೆ ತೆಗೆಯಲು ಜನ ಅದನ್ನು ಒಯ್ಯುತ್ತಿದ್ದರು. ಬೆರ್ಥಾ ಅದನ್ನೇ ಕೊಂಡು ವಾಹನಕ್ಕೆ ತುಂಬಿದಳು. ಆ ಔಷಧದಂಗಡಿಯನ್ನು ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ. ಕಾರು ಮೊದಲು ಬಂತು. ಬಂಕ್ ಆಗ ಬೇರೆ ಹೆಸರಿನಲ್ಲಿ, ಬೇರೆ ಕೆಲಸಕ್ಕಾಗಿ ಅಲ್ಲಿ ಇದ್ದೇ ಇತ್ತು. ಇದು ನಾನು ಕೊಡದೆ ಹೋದ ಉತ್ತರ.

ಬಂಧುಗಳೆ, ಈ ಒಂದು ದಿನದ ಪ್ರಯಾಣದಲ್ಲಿಯೇ ಮೋಟಾರು ವಾಹನದ ಮುಂದಿನ ಚರಿತ್ರೆಯೆಲ್ಲ ಅಡಗಿದೆ. ಬೆರ್ಥಾ ಎದುರಿಸಿದ ತೊಡಕುಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡೋಣ.

ಮೊದಲನೆಯದು ಏರು. ದಿಬ್ಬಗಳಲ್ಲಿ ಎಂಜಿನ್ನಿನ ಬಲ ಸಾಲದೆ ಮಕ್ಕಳು ಗಾಡಿಯನ್ನು ನೂಕಬೇಕಾಯಿತು. ಆ ಪ್ರಯಾಣದ ಅನುಭವದಿಂದ ಬೆಂಜ್ ಏರುದಾರಿಗೆಂದು ಇನ್ನೊಂದು ಕೆಳಗಿನ ಗೇರನ್ನು ಸೇರಿಸಿದ. ಸತ್ಯಮಂಗಲದಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಬಸ್ಸಿನಲ್ಲಿ ಹತ್ತಿಬಂದ ನಮ್ಮ ಮಕ್ಕಳಿಗೆ ಆ ಗೇರಿನ ಸದ್ದು ಚೆನ್ನಾಗಿ ಗೊತ್ತು. ಬಸ್ಸು ನಿಧಾನವಾಗುತ್ತದೆ, ಎಂಜಿನ್ನಿನ ಕೂಗು ಮಾತ್ರ ಏರುತ್ತದೆ. ವೇಗವನ್ನು ಬಿಟ್ಟುಕೊಟ್ಟು ತಿರುಗಿಸುವ ಬಲವನ್ನು ಪಡೆಯುವ ವ್ಯವಹಾರವೇ ಗೇರು ಎಂದರೆ ಸಾಕು. ತಲೆಹೊರೆ ಹೊತ್ತು ಗುಡ್ಡ ಏರುವವರು ಹೆಜ್ಜೆಯನ್ನು ಚಿಕ್ಕದು ಮಾಡುವುದೂ ಇದೇ ಲೆಕ್ಕದಿಂದ.

ಎರಡನೆಯದು ಇಳಿಜಾರು. ಮರದ ಬ್ರೇಕಿನ ತುಂಡುಗಳು ಸವೆದಾಗ ಬೆರ್ಥಾ ಚಮ್ಮಾರನೊಬ್ಬನಿಂದ ಅವುಗಳಿಗೆ ಚರ್ಮ ಹೊಡೆಸಿದಳು. ಬ್ರೇಕಿನ ಒಳಪದರ ಹುಟ್ಟಿದ್ದು ಹೀಗೆ. ಮುಂದೆ ಡ್ರಮ್ ಬ್ರೇಕು ಬಂತು; 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ದ್ರವದ ಒತ್ತಡದಿಂದ ನಡೆಯುವ ಬ್ರೇಕು ಬಂತು; 1978ರಲ್ಲಿ ಚಕ್ರ ಕಚ್ಚಿಕೊಂಡು ಜಾರುವುದನ್ನು ತಡೆಯುವ ವಿದ್ಯುನ್ಮಾನ ವ್ಯವಸ್ಥೆಯನ್ನು ಮರ್ಸಿಡಿಸ್ ಕಾರು ಪಡೆಯಿತು.

ಮೂರನೆಯದು ಬಿಸಿ. ಎಂಜಿನ್ನನ್ನು ತಣಿಸುವ ನೀರು ಕುದಿದು ಆವಿಯಾಗುತ್ತಿದ್ದುದರಿಂದ ದಾರಿಯುದ್ದಕ್ಕೂ ನೀರು ತುಂಬಬೇಕಾಯಿತು. ಸುತ್ತಲಿನ ಗಾಳಿಗೆ ಬಿಸಿಯನ್ನು ಒಪ್ಪಿಸಿ ಅದೇ ನೀರನ್ನು ಮತ್ತೆ ಮತ್ತೆ ಬಳಸುವ ಜೇನುಗೂಡಿನಂಥ ರೇಡಿಯೇಟರನ್ನು ಮೈಬಾಖ್ 1901ರ ಮರ್ಸಿಡಿಸ್ ಕಾರಿಗೆ ಅಳವಡಿಸಿದ.

ನಾಲ್ಕನೆಯದು ಕಿಡಿ ಮತ್ತು ಚಾಲನೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಬೆರ್ಥಾ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಎಂಜಿನ್ನನ್ನು ಚಾಲೂ ಮಾಡುವುದೂ ಕೈಬಲದ ಕೆಲಸವೇ. ಆ ಬಳಿಕ ಬಂದ ಕಾರುಗಳಲ್ಲಿ ಕಬ್ಬಿಣದ ಹಿಡಿಯೊಂದನ್ನು ತಿರುಗಿಸಬೇಕಾಗಿತ್ತು. ಅದು ಹಿಂದಕ್ಕೆ ಹೊಡೆದರೆ ತಿರುಗಿಸಿದವನ ಕೈ ಮುರಿಯುತ್ತಿತ್ತು. 1911ರಲ್ಲಿ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಮೋಟಾರಿನಿಂದ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರನ್ನು ರೂಪಿಸಿದ. 1912ರ ಕ್ಯಾಡಿಲಾಕ್ ಕಾರುಗಳಿಗೆ ಅದನ್ನು ಜೋಡಿಸಲಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. 1900ರ ಸುಮಾರಿಗೆ ರಸ್ತೆಯಲ್ಲಿ ಉಗಿ, ವಿದ್ಯುತ್ತು, ಪೆಟ್ರೋಲು ಮೂರೂ ಬಗೆಯ ವಾಹನಗಳಿದ್ದವು. ಗಂಟೆಗೆ 100 ಕಿಲೋಮೀಟರ್ ವೇಗವನ್ನು 1899ರಲ್ಲಿ ಮೊದಲು ದಾಟಿದ್ದು ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಸಿಯ ವಿದ್ಯುತ್ ಕಾರು. ಹಿಡಿ ತಿರುಗಿಸುವ ಕಷ್ಟವಿಲ್ಲದ್ದು ವಿದ್ಯುತ್ ಕಾರಿನ ದೊಡ್ಡ ಅನುಕೂಲವಾಗಿತ್ತು. ಪೆಟ್ರೋಲ್ ಕಾರಿಗೆ ಆ ಕಷ್ಟವನ್ನು ನೀಗಿಸಿ, ವಿದ್ಯುತ್ ಕಾರನ್ನು ಬದಿಗೆ ಸರಿಸಲು ನೆರವಾದದ್ದು ಒಂದು ಪುಟ್ಟ ವಿದ್ಯುತ್ ಮೋಟಾರು!

ಬೆಲೆ ಇಳಿದದ್ದು ಇನ್ನೊಂದು ಕಾರಣ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ತಂದಾಗ ಅದರ ಬೆಲೆ ಸುಮಾರು 850 ಡಾಲರ್. 1913ರಲ್ಲಿ ಅವನ ಕಾರ್ಖಾನೆಯಲ್ಲಿ ಕೆಲಸಗಾರ ಕಾರಿನ ಬಳಿಗೆ ಹೋಗುವುದರ ಬದಲು ಕಾರೇ ಕೆಲಸಗಾರನ ಬಳಿಗೆ ಸಾಗಿಬರುವ ಜೋಡಣಾ ಸಾಲು ಆರಂಭವಾಯಿತು. ಚಾಸಿಸ್ ಜೋಡಣೆಗೆ ಬೇಕಾಗಿದ್ದ ಹನ್ನೆರಡೂವರೆ ಗಂಟೆಗಳು ಕೆಲವೇ ತಿಂಗಳುಗಳಲ್ಲಿ 93 ನಿಮಿಷಗಳಿಗೆ ಇಳಿದವು. 1920ರ ದಶಕದಲ್ಲಿ ಬೆಲೆ 300 ಡಾಲರಿಗಿಂತ ಕೆಳಗಿಳಿಯಿತು. 1927ರ ವೇಳೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ತಯಾರಾಗಿದ್ದವು.

ಎಲ್ಲ ಉತ್ತರಗಳೂ ಒಳ್ಳೆಯವಾಗಿರಲಿಲ್ಲವೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಎಂಜಿನ್ನಿನ ಬಡಿತವನ್ನು ತಡೆಯಲು 1920ರ ದಶಕದಿಂದ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿದರು. ಸೀಸ ವಿಷವೆಂಬುದು ಆಗಲೂ ತಿಳಿದಿತ್ತು. ಆದರೂ ಭಾರತದಲ್ಲಿ ಅದು ನಿಂತದ್ದು 2000ದಲ್ಲಿ, ಜಗತ್ತಿನಲ್ಲಿ ಕೊನೆಯದಾಗಿ ಆಲ್ಜೀರಿಯದಲ್ಲಿ ನಿಂತದ್ದು 2021ರಲ್ಲಿ. ಇದಕ್ಕೆ ಎದುರಾಗಿ ಇನ್ನೊಂದು ನಿದರ್ಶನವನ್ನು ಇಡಬಹುದು: 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಮೂರು ಬಿಂದುಗಳ ಸೀಟ್ ಬೆಲ್ಟನ್ನು ರೂಪಿಸಿದಾಗ, ಕಂಪನಿ ಆ ಪೇಟೆಂಟನ್ನು ಎಲ್ಲ ತಯಾರಕರ ಬಳಕೆಗೂ ಮುಕ್ತವಾಗಿ ಬಿಟ್ಟಿತು.

ಈಗ ತರಗತಿಯ ಮಾತು. ನಮ್ಮ ಮಕ್ಕಳಲ್ಲಿ ಒಂದು ಭಾವನೆ ನೆಲೆಯೂರಿದೆ: ಕಥೆ, ಪದ್ಯ, ಮನೆಮಾತು ಕನ್ನಡಕ್ಕೆ, ಯಂತ್ರ, ಕಾರ್ಖಾನೆ, ನೌಕರಿ ಇನ್ನೊಂದು ಭಾಷೆಗೆ. ಹೊಸೂರಿನ ಸಹೋದ್ಯೋಗಿಗಳು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಅಲ್ಲಿ ಲಾರಿ, ಬಸ್ಸು, ಮೋಟಾರ್ ಸೈಕಲ್ಲುಗಳ ದೊಡ್ಡ ಕಾರ್ಖಾನೆಗಳಿವೆ. ಈ ಭಾವನೆಯನ್ನು ಅಭಿಮಾನದ ಭಾಷಣದಿಂದ ಅಳಿಸಲಾಗದು. ಒಂದು ಎಂಜಿನ್ನು ಹೇಗೆ ನಡೆಯುತ್ತದೆಂದು ಮಗು ತನ್ನ ಮಾತಿನಲ್ಲಿ ಕೊನೆಯವರೆಗೆ ವಿವರಿಸಿದ ದಿನ ಅದು ತಾನಾಗಿ ಅಳಿಯುತ್ತದೆ. ಗೇರು, ಬ್ರೇಕು, ಪಿಸ್ಟನ್ನು ಎರವಲು ಪದಗಳಾಗಿಯೇ ಇರಲಿ. ಹೆಸರು ಎರವಲಾದರೂ ಕ್ರಿಯೆ ನಮ್ಮ ಮಾತಿನಲ್ಲಿರಲಿ. ತಿಳಿವಳಿಕೆ ಇರುವುದು ಕ್ರಿಯಾಪದದಲ್ಲಿ.

ಮೂರು ಚಟುವಟಿಕೆಗಳನ್ನು ಸೂಚಿಸುತ್ತೇನೆ. ಒಂದು, ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾಲ್ಕು ಹೊಡೆತಗಳನ್ನು ಅಭಿನಯಿಸಿ ತೋರಿಸುವಂತೆ ಹೇಳಿರಿ. ಎರಡು, ಬೆರ್ಥಾಳ ದಾರಿಯ ನಕ್ಷೆ ಬರೆಸಿ, ಪ್ರತಿಯೊಂದು ತೊಡಕಿನ ಎದುರು ಇಂದಿನ ಪರಿಹಾರವನ್ನು ಬರೆಯಿಸಿರಿ. ಮೂರು, ಊರಿನ ಗ್ಯಾರೇಜಿನ ಮೇಸ್ತ್ರಿಯೊಬ್ಬರನ್ನು ಒಂದು ಅವಧಿಗೆ ಶಾಲೆಗೆ ಕರೆಯಿರಿ. ಹಳೆಯ ಸ್ಪಾರ್ಕ್ ಪ್ಲಗ್ಗೊಂದು ಮಕ್ಕಳ ಕೈಯಿಂದ ಕೈಗೆ ದಾಟಿದರೆ ಅರ್ಧ ಪಾಠ ಮುಗಿದಂತೆ.

ಕೊನೆಯದಾಗಿ, ಆ ಹುಡುಗನ ಪ್ರಶ್ನೆ ಹಳತಾಗಿಲ್ಲ. 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂದಾಗ ಜನ ಕೇಳಿದ್ದೂ, ಇಂದು ವಿದ್ಯುತ್ ವಾಹನ ಕೊಳ್ಳಲು ಹೊರಟವರು ಕೇಳುತ್ತಿರುವುದೂ ಅದನ್ನೇ: ಮೊದಲು ವಾಹನವೋ, ಚಾರ್ಜ್ ಮಾಡುವ ಸ್ಥಳವೋ? ಸರಕಾರಗಳೂ ಕಂಪನಿಗಳೂ ತಲೆಕೆಡಿಸಿಕೊಂಡಿರುವ ಪ್ರಶ್ನೆಯನ್ನು ಏಳನೆಯ ತರಗತಿಯ ಮಗುವೊಂದು ಕನ್ನಡದಲ್ಲಿ ಕೇಳಿತ್ತು. ನಾನು ಅದನ್ನು ಕೂರಿಸಿದ್ದೆ. ನಾಳೆ ತಮ್ಮ ತರಗತಿಯ ಹಿಂದಿನ ಸಾಲಿನಿಂದ ಅಂಥದೊಂದು ಪ್ರಶ್ನೆ ಎದ್ದರೆ, "ನನಗೂ ತಿಳಿಯದು, ಹುಡುಕೋಣ ಬಾ" ಎಂದು ಹೇಳುವಿರೆಂದು ನಂಬಿದ್ದೇನೆ.