ಹತ್ತು ಜನರ ನಡುವೆ ಹಗುರಾಗುವ ಹೊರೆ



ಮಗುವಿಗೆ ಜ್ವರ ಬಂದರೆ ನಾವು ಆ ರಾತ್ರಿಯೇ ಆಸ್ಪತ್ರೆಗೆ ಹೊರಡುತ್ತೇವೆ. ಆದರೆ ಹೆರಿಗೆಯಾಗಿ ತಿಂಗಳು ಕಳೆದರೂ ಸೊಸೆಯ ಮುಖದಲ್ಲಿ ನಗೆ ಮೂಡದಿದ್ದರೆ, ಬೆಳೆ ಕೈಕೊಟ್ಟ ಬಳಿಕ ಯಜಮಾನನಿಗೆ ನಿದ್ರೆ ಹತ್ತದಿದ್ದರೆ, ಮನೆಯ ಬಾಗಿಲು ಮುಚ್ಚಿಕೊಳ್ಳುತ್ತೇವೆ. ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆಯೇ ಇದಕ್ಕೆ ಕಾರಣ. ತಕ್ಕ ರೀತಿಯಲ್ಲಿ ಕೂಡಿದ ನಾಲ್ಕು ಜನರೇ ಇಂತಹ ನೋವಿಗೆ ಮದ್ದಾಗಬಲ್ಲರು. ಇದಕ್ಕೆ ಸಮೂಹ ಚಿಕಿತ್ಸೆ ಎಂದು ಹೆಸರು.

ಒಂದೇ ಬಗೆಯ ತೊಂದರೆಯುಳ್ಳ ಸುಮಾರು 6ರಿಂದ 12 ಮಂದಿ, ಸಾಮಾನ್ಯವಾಗಿ ವಾರಕ್ಕೊಮ್ಮೆ, ತರಬೇತಿ ಪಡೆದ ಮಾರ್ಗದರ್ಶಕರೊಡನೆ ಕುಳಿತು ತಮ್ಮ ಕಷ್ಟವನ್ನು ಹೇಳಿಕೊಳ್ಳುತ್ತಾರೆ, ಇತರರದನ್ನು ಕೇಳುತ್ತಾರೆ. ಇದು ಪಂಚಾಯಿತಿಯಲ್ಲ, ಇಲ್ಲಿ ತಪ್ಪು ಒಪ್ಪುಗಳ ತೀರ್ಪಿಲ್ಲ. ಇದು ಹರಟೆಯ ಕಟ್ಟೆಯೂ ಅಲ್ಲ. ಅಲ್ಲಿ ಆಡಿದ ಮಾತನ್ನು ಹೊರಗೆ ಆಡಬಾರದೆಂಬುದೇ ಮೊದಲ ನಿಯಮ. ಮಾತನಾಡಲೇಬೇಕೆಂಬ ಬಲವಂತವೂ ಇಲ್ಲ.

ಈ ಪದ್ಧತಿ ಹೊಸದೇನಲ್ಲ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಕೂಡಿಸಿ ಪಥ್ಯ, ವಿಶ್ರಾಂತಿಗಳ ವಿಷಯ ತಿಳಿಸುತ್ತಿದ್ದರು. ಒಬ್ಬರ ಚೇತರಿಕೆಯನ್ನು ಕಂಡು ಮತ್ತೊಬ್ಬರಲ್ಲಿ ಧೈರ್ಯ ಹುಟ್ಟುವುದನ್ನು ಅವರು ಗಮನಿಸಿದರು.

ಇದು ನಗರವಾಸಿಗಳಿಗೆ ಮಾತ್ರವೆಂದು ತಾವು ಭಾವಿಸಬಾರದು. 2002ರಲ್ಲಿ ಆಫ್ರಿಕದ ಉಗಾಂಡ ದೇಶದ 30 ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಏಡ್ಸ್ ಪಿಡುಗಿನಿಂದ ನೊಂದಿದ್ದ ಸೀಮೆ ಅದು. ಕೆಲವು ಹಳ್ಳಿಗಳಲ್ಲಿ ಗಂಡಸರ, ಕೆಲವು ಹಳ್ಳಿಗಳಲ್ಲಿ ಹೆಂಗಸರ ಗುಂಪುಗಳು 16 ವಾರ ಕೂಡಿದವು. ಅವುಗಳನ್ನು ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಆರಂಭದಲ್ಲಿ ಈ ಗುಂಪುಗಳ ನೂರಕ್ಕೆ 86 ಮಂದಿಗೆ ಖಿನ್ನತೆಯಿತ್ತು. ಕೊನೆಗೆ ಅದು ನೂರಕ್ಕೆ 7ಕ್ಕಿಂತಲೂ ಕಡಿಮೆಯಾಯಿತು. ಗುಂಪುಗಳಿಲ್ಲದ ಹಳ್ಳಿಗಳಲ್ಲಿಯಾದರೋ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಖಿನ್ನತೆ ಉಳಿದೇ ಇತ್ತು.

ಇದರ ಮರ್ಮವೇನು? ‘ಈ ಗತಿ ನನಗೊಬ್ಬನಿಗೇ’ ಎಂದು ಕೊರಗುವವನು ತನ್ನದೇ ದುಃಖವನ್ನು ಇನ್ನೊಬ್ಬರ ಬಾಯಿಂದ ಕೇಳಿದಾಗ ಅವನ ನಾಚಿಕೆ ಅರ್ಧ ಕರಗುತ್ತದೆ. ತನ್ನ ಮಾತಿನಿಂದ ಮತ್ತೊಬ್ಬನಿಗೆ ಸಮಾಧಾನವಾದಾಗ ತಾನೂ ಉಪಯೋಗಕ್ಕೆ ಬರುವವನೆಂಬ ಭರವಸೆ ಮೂಡುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ತಾವು ಬಲ್ಲಿರಿ. ಅದನ್ನೇ ತಿರುಗಿಸಿ ನೋಡಿರಿ: ಒಬ್ಬನ ತಲೆಹೊರೆ ಹತ್ತು ಜನರ ಕೈಗೆ ಹಂಚಿದರೆ ಹುಲ್ಲುಕಡ್ಡಿಯಷ್ಟೇ.

ಎಲ್ಲ ವಯಸ್ಸಿನವರಿಗೂ ಇದು ಸಲ್ಲುತ್ತದೆ. ಅಂಜುಬುರುಕ ಮಕ್ಕಳಿಗೆ ಆಟ, ಚಿತ್ರಗಳ ಮೂಲಕ. ಹದಿಹರೆಯದವರಿಗೆ ಓರಗೆಯವರ ಜೊತೆಯಲ್ಲಿ. ಬಾಣಂತಿಯರಿಗೆ ಇತರ ತಾಯಂದಿರ ನಡುವೆ. ಕುಡಿತ ಬಿಡಬಯಸುವವರಿಗೆ ಬಿಟ್ಟವರ ಸಂಗದಲ್ಲಿ. ಸಂಗಾತಿಯನ್ನು ಕಳೆದುಕೊಂಡ ವೃದ್ಧರಿಗೆ ಸಮವಯಸ್ಕರೊಡನೆ. ರೋಗಿಯ ಶುಶ್ರೂಷೆಯಲ್ಲಿ ಬಳಲಿದ ಮನೆಯವರಿಗೂ ಇಂತಹ ಗುಂಪು ಆಸರೆಯಾಗುತ್ತದೆ.

ಆದರೆ ಒಂದು ಎಚ್ಚರಿಕೆ. ಸಾಯುವ ಮಾತನ್ನಾಡುವವರನ್ನು ಒಂಟಿಯಾಗಿ ಬಿಡದೆ, ಕ್ರಿಮಿನಾಶಕವನ್ನು ಕೈಗೆಟುಕದಂತೆ ಇರಿಸಿ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಗುಂಪಿಗೆ ಸೇರಿದೆವೆಂದು ವೈದ್ಯರು ಕೊಟ್ಟ ಔಷಧಿಯನ್ನು ತಾವಾಗಿ ನಿಲ್ಲಿಸಬೇಡಿರಿ.

1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ನೀಡುವ ಪ್ರಯೋಗ ಆರಂಭವಾಯಿತು. ಅದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದುದರಿಂದ ತಮ್ಮ ಆಶಾ ಕಾರ್ಯಕರ್ತೆಯನ್ನು, ಆರೋಗ್ಯ ಕೇಂದ್ರದ ವೈದ್ಯರನ್ನು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ವಿಚಾರಿಸಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ದಂಪತಿಗಳೇ, ಮೊದಲ ಗುಂಪು ತಾವಿಬ್ಬರೇ. ಇಂದು ರಾತ್ರಿ ಊಟವಾದ ಮೇಲೆ, ‘ನಿನ್ನ ಮನಸ್ಸಿನಲ್ಲಿ ಏನಿದೆ?’ ಎಂದು ಒಬ್ಬರನ್ನೊಬ್ಬರು ಕೇಳಿರಿ. ಉತ್ತರ ಬರುವವರೆಗೆ ತಾಳ್ಮೆಯಿಂದ ಕಾದಿರಿ. ಆ ಉತ್ತರ ಇಬ್ಬರಿಗೂ ಭಾರವೆನಿಸಿದರೆ, ಮುಚ್ಚಿದ ಬಾಗಿಲನ್ನು ಇಬ್ಬರೂ ಕೂಡಿಯೇ ತೆರೆಯಿರಿ.